ಮೀಟರ್ ಸರಿಯಾಗಿತ್ತು

ಮುಂಬೈ ಬಳಿಯ ಡೊಂಬಿವ್ಲಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಆ ಪೇಂಟ್ ಕಾರ್ಖಾನೆಯಲ್ಲಿ ಜಯಶೀಲಳಿಗೆ ಕೆಲಸ ಕೊಡಿಸಿದವನು ಹುಲಗಪ್ಪ. ಅವಳ ಅಪ್ಪ ತೀರಿಕೊಂಡ ವರ್ಷ, ಕನ್ನಡ ಸಂಘದ ಊಟದ ಪಂಕ್ತಿಯಲ್ಲಿ ಅವಳ ತಾಯಿ ಮಗಳ ಬಿಎಸ್ಸಿ ಮಾತೆತ್ತಿದ್ದೇ ತಡ, ಮರುವಾರ ಅವಳನ್ನು ಕರೆದೊಯ್ದು ಲ್ಯಾಬಿನ ಬಾಗಿಲಲ್ಲಿ ನಿಲ್ಲಿಸಿದ್ದ. ಅವನು ಬಾಗಲಕೋಟೆ ಕಡೆಯವನು, ಪೇಂಟ್ ಕಲಸುವ ವಿಭಾಗದ ಸೂಪರ್‌ವೈಸರ್. ಅವಳು ಮೂಲ್ಕಿ ಕಡೆಯವಳು, ಮನೆಯಲ್ಲಿ ತುಳು. ಅವನನ್ನು ಕಾಕಾ ಅನ್ನುತ್ತಿದ್ದಳು. ಅವನ ಹೆಂಡತಿ ಚಂದವ್ವ ಕಲ್ಯಾಣದ ಮನೆಯಲ್ಲಿ ಮಾಡಿದ ಶೇಂಗಾ ಹೋಳಿಗೆ ಹಬ್ಬದ ಮರುದಿನ ಲ್ಯಾಬಿಗೂ ಬರುತ್ತಿತ್ತು.

೨೦೧೨ರ ಬೇಸಿಗೆಯಲ್ಲಿ ಪೇಂಟು ತೆಳ್ಳಗೆ ಬರತೊಡಗಿತು. ದ್ರವ ಎಷ್ಟು ಗಟ್ಟಿ, ಎಷ್ಟು ತೆಳು ಎಂದು ಅಳೆಯುವುದು ಲ್ಯಾಬಿನ ವಿಸ್ಕೋಮೀಟರ್. ಅದರ ಸ್ಪಿಂಡಲ್ ಎಂಬ ಉಕ್ಕಿನ ಕಡ್ಡಿಯನ್ನು ಪೇಂಟಿನಲ್ಲಿ ಅದ್ದಿ ತಿರುಗಿಸಿದರೆ, ಪೇಂಟು ಅದನ್ನು ಎಷ್ಟು ತಡೆಯುತ್ತದೆ ಎಂಬುದು ಅಂಕಿಯಾಗಿ ಕಾಣುತ್ತದೆ. ಆ ಅಂಕಿ ಬ್ಯಾಚಿನಿಂದ ಬ್ಯಾಚಿಗೆ ಇಳಿಯುತ್ತಿತ್ತು. ಪೇಂಟಿಗೆ ಗಟ್ಟಿತನ ಕೊಡುವುದು ರೆಸಿನ್ ಎಂಬ ದುಬಾರಿ ಅಂಟು, ತೆಳ್ಳಗಾಗಿಸುವುದು ಥಿನ್ನರ್.

ಬೆಂಗಳೂರಿನಿಂದ ಹೊಸದಾಗಿ ಬಂದ ಪ್ಲಾಂಟ್ ಹೆಡ್ ಹೃಷಿಕೇಶ್ ಎಲ್ಲರೆದುರೇ ಕೇಳಿದ: "ಹುಲಗಪ್ಪ, ರೆಸಿನ್ ಕಮ್ಮಿ ಹಾಕಿ ಥಿನ್ನರ್ ಜಾಸ್ತಿ ಸುರೀತಿದೀರಾ? ಉಳಿದ ರೆಸಿನ್ ಎಲ್ಲಿಗೆ ಹೋಗ್ತಿದೆ?"

ಹುಲಗಪ್ಪನ ಮುಖ ಕಪ್ಪಿಟ್ಟಿತು. "ಸಾಹೇಬ್ರ, ನಾ ಹಾಕೂದು ಹಾಕೇನಿ. ನಿಮ್ಮ ಮಷೀನ್ ಕೆಟ್ಟದ. ಮೊದ್ಲ ಅದನ್ನ ನೋಡ್ರಿ."

"ನೋಡೋಣ. ಜಯಶೀಲ, ಮೀಟರ್ ಚೆಕ್ ಮಾಡಿ. ಸರಿ ಇದೆಯೋ ಇಲ್ಲವೋ, ನನಗೆ ಅಷ್ಟು ಹೇಳಿ ಸಾಕು."

ಲ್ಯಾಬಿಗೆ ಮರಳುವಾಗ ಅವಳು ದೇವರಿಗೆ ಹರಕೆ ಹೊತ್ತದ್ದು ಒಂದಕ್ಕೇ: ಮೀಟರ್ ಕೆಟ್ಟಿರಲಿ.

ಮೊದಲು ಮಟ್ಟ ತೋರಿಸುವ ಗಾಜಿನೊಳಗಿನ ಗುಳ್ಳೆ ನೋಡಿ ಸ್ಟ್ಯಾಂಡ್ ಸರಿಪಡಿಸಿದಳು. ಸ್ಪಿಂಡಲ್ಲನ್ನು ತೊಳೆದು ಒರೆಸಿ, ಡೊಂಕಾಗಿದೆಯೋ ಎಂದು ಬೆಳಕಿಗೆ ಹಿಡಿದಳು. ನೆಟ್ಟಗಿತ್ತು. ಗಾಳಿಯಲ್ಲಿ ತಿರುಗಿಸಿ ಬಿಟ್ಟಾಗ ಅಂಕಿ ಸೊನ್ನೆಗೆ ಬಂದು ನಿಂತಿತು. ಇನ್ನುಳಿದದ್ದು ಗಟ್ಟಿತನ ಮೊದಲೇ ಗೊತ್ತಿರುವ ಪರೀಕ್ಷೆಯ ಎಣ್ಣೆ. ಇಪ್ಪತ್ತೈದು ಡಿಗ್ರಿಯಲ್ಲಿ ಅದರ ಅಂಕಿ ಎಷ್ಟೆಂದು ಬಾಟಲಿಯ ಮೇಲೇ ಅಚ್ಚಾಗಿರುತ್ತದೆ. ಮೀಟರ್ ಅದೇ ಅಂಕಿ ತೋರಿಸಿದರೆ ಸರಿ, ಇಲ್ಲದಿದ್ದರೆ ಕೆಟ್ಟಿದೆ.

ಎಣ್ಣೆಯನ್ನು ಬೀಕರಿಗೆ ಸುರಿದು, ತಣ್ಣೀರಿನ ತೊಟ್ಟಿಯಲ್ಲಿಟ್ಟು, ಸ್ವಲ್ಪ ಹೊತ್ತು ಬಿಟ್ಟು ಮೀಟರ್ ಹಚ್ಚಿದಳು. ಅಂಕಿ ಬಾಟಲಿಯ ಅಂಕಿಗಿಂತ ಸಾಕಷ್ಟು ಕೆಳಗಿತ್ತು.

ಅವಳಿಗೆ ಅಳುವೇ ಬಂತು. ಕಾಕಾ ಹೇಳಿದ್ದು ನಿಜ, ಮೀಟರೇ ಕಡಿಮೆ ತೋರಿಸುತ್ತಿದೆ. ಓಡಿಹೋಗಿ ಹೇಳಬೇಕೆಂದು ಎದ್ದವಳು ರೂಢಿಯಂತೆ ಎಣ್ಣೆಯಲ್ಲಿ ಥರ್ಮಾಮೀಟರ್ ಅದ್ದಿದಳು. ಮೇ ತಿಂಗಳ ಸೆಕೆ. ಕಿಟಕಿ ಬಳಿಯ ಕಪಾಟಿನಲ್ಲಿದ್ದ ಎಣ್ಣೆ ಇನ್ನೂ ಬೆಚ್ಚಗಿತ್ತು. ಎಣ್ಣೆ ಬಿಸಿಯಾದರೆ ತೆಳ್ಳಗಾಗುತ್ತದೆ. ಅದು ಗೊತ್ತಿರಲು ಬಿಎಸ್ಸಿಯೂ ಬೇಡ, ಬಾಣಲೆ ಇಟ್ಟವರಿಗೆಲ್ಲ ಗೊತ್ತು.

ಸುತ್ತ ಯಾರೂ ಇರಲಿಲ್ಲ. ಅದೇ ಅಂಕಿ ಬರೆದುಕೊಟ್ಟಿದ್ದರೆ ಮೀಟರ್ ರಿಪೇರಿಗೆ ಹೋಗುತ್ತಿತ್ತು, ಹುಲಗಪ್ಪ ಉಳಿಯುತ್ತಿದ್ದ. ಅವಳು ಥರ್ಮಾಮೀಟರ್ ಹಿಡಿದು ಬಹಳ ಹೊತ್ತು ಕೂತಳು. ಆಮೇಲೆ ಎಣ್ಣೆ ಇಪ್ಪತ್ತೈದು ಡಿಗ್ರಿಗೆ ತಣಿಯಲು ಬಿಟ್ಟು ಮತ್ತೆ ಅಳೆದಳು. ಅಂಕಿ ಬಾಟಲಿಯ ಅಂಕಿಗೆ ಕೂಡಿಬಂತು. ಇನ್ನೊಮ್ಮೆ ಅಳೆದರೂ ಅದೇ.

"ಮೀಟರ್ ಸರಿ ಉಂಟು ಸರ್," ಎಂದಳು ಹೃಷಿಕೇಶ್ ಎದುರು.

"ಗುಡ್," ಎಂದ ಅವನು, ಫೋನ್ ಎತ್ತಿಕೊಂಡು.

"ಆದರೆ ಸರ್, ಕಾಕಾ ಹಾಗೆ ಮಾಡುವವರಲ್ಲ. ಬೇರೆ ಏನೋ ಇರಬೇಕು."

"ನಾನು ಮೀಟರ್ ವಿಷಯ ಕೇಳಿದೆ. ನೀವು ಹೇಳಿದ್ರಿ. ಮುಗೀತಲ್ಲ."

ಮರುದಿನ ಬೆಳಗಿನ ಪಾಳಿಯವರೆಲ್ಲ ಗೇಟಿನಲ್ಲಿ ಸೇರಿದ್ದಾಗಲೇ ಹುಲಗಪ್ಪನನ್ನು ಕೆಲಸದಿಂದ ತೆಗೆದು ಹೊರಗೆ ಕಳಿಸಿದರು. ವಾಚ್‌ಮನ್ ಅವನ ಚೀಲ ಬಿಚ್ಚಿ, ಡಬ್ಬಿಯ ಮುಚ್ಚಳವನ್ನೂ ತೆಗೆದು ನೋಡಿದ. ಹುಲಗಪ್ಪ ಲ್ಯಾಬಿನ ಕಿಟಕಿಯತ್ತ ತಲೆ ಎತ್ತಲಿಲ್ಲ.

ಹೊಸ ಸೂಪರ್‌ವೈಸರ್ ಬಂದ. ಅವನ ಮೊದಲ ಬ್ಯಾಚೂ ತೆಳ್ಳಗೇ ಬಂತು. ಎರಡನೆಯದೂ ಹಾಗೇ ಬಂದಾಗ ಜಯಶೀಲ ಯಾರನ್ನೂ ಕೇಳದೆ ಉಗ್ರಾಣಕ್ಕೆ ಹೋಗಿ ರೆಸಿನ್ ಡ್ರಮ್ಮಿನಿಂದ ಸ್ವಲ್ಪ ತೆಗೆದುಕೊಂಡು ಬಂದಳು. ಅದು ಹೊಸ ಸಪ್ಲೈಯರ್‌ನ ಮಾಲು. ಅವರ ಸರ್ಟಿಫಿಕೇಟ್ ಇದ್ದರೆ ಸಾಕು, ಲ್ಯಾಬಿನಲ್ಲಿ ನೋಡಿ ಹೊತ್ತು ಕಳೆಯಬೇಡಿ ಎಂದು ಹೃಷಿಕೇಶನೇ ಹೇಳಿದ್ದ. ಕಪಾಟಿನಲ್ಲಿ ಹಳೆಯ ಸಪ್ಲೈಯರ್‌ನ ರೆಸಿನ್ ಸ್ಯಾಂಪಲ್ ಇತ್ತು. ಎರಡನ್ನೂ ಅದೇ ಮೀಟರಿನಲ್ಲಿ ಅಳೆದಳು. ಹೊಸದು ಹಳೆಯದರ ಅರ್ಧದಷ್ಟೂ ಗಟ್ಟಿ ಇರಲಿಲ್ಲ.

ಹೃಷಿಕೇಶ್ ಕೇಳಿಸಿಕೊಂಡು ಎದ್ದುಹೋಗಿ ಕ್ಯಾಬಿನ್ನಿನ ಬಾಗಿಲು ಹಾಕಿದ. "ಒಳ್ಳೆ ಕೆಲಸ ಮಾಡಿದೀರಿ. ನಾಳೆಯಿಂದ ಹಳೇ ಸಪ್ಲೈಯರ್ ಹತ್ರಾನೇ ತಗೊಳ್ಳೋಣ. ಇದು ಇಲ್ಲೇ ಇರ್ಲಿ."

"ಹುಲಗಪ್ಪ ಕಾಕಾನ ವಿಷಯ?"

"ಅದು ಆಗಿಹೋಯ್ತು, ಜಯಶೀಲ."

ಭಾನುವಾರ ಅವಳು ಕಲ್ಯಾಣಕ್ಕೆ ಹೋದಳು. ಚಂದವ್ವ ಬಾಗಿಲು ತೆರೆದು, ಬಾ ಅನ್ನದೆ ಪಕ್ಕಕ್ಕೆ ಸರಿದು ನಿಂತಳು. ಹುಲಗಪ್ಪ ಬನಿಯನ್ನಿನಲ್ಲಿ ಕೂತಿದ್ದ. ರಬಾಳೆಯ ಒಂದು ಗೋದಾಮಿನಲ್ಲಿ ವಾಚ್‌ಮನ್ ಕೆಲಸ ಸಿಕ್ಕಿತ್ತಂತೆ. ಪೇಂಟ್ ಕಂಪನಿಗಳಲ್ಲಿ ಯಾರೂ ತೆಗೆದುಕೊಳ್ಳಲಿಲ್ಲ. ಕಳ್ಳನೆಂಬ ಮಾತು ಅವನಿಗಿಂತ ಮೊದಲೇ ಎಲ್ಲ ಗೇಟುಗಳನ್ನು ಮುಟ್ಟಿತ್ತು.

ಅವಳು ರೆಸಿನ್ ವಿಷಯ ಎಲ್ಲ ಹೇಳಿದಳು. "ತಪ್ಪು ನಿಮ್ಮದಲ್ಲ ಕಾಕಾ. ಈಗ ಗೊತ್ತಾಯ್ತು."

"ನನಗ ಮೊದ್ಲ ಗೊತ್ತಿತ್ತು," ಎಂದ ಹುಲಗಪ್ಪ. "ಯಾರಿಗೆ ಹೇಳಿದಿ ಇದನ್ನ?"

"ಹೃಷಿಕೇಶ್ ಸರ್‌ಗೆ."

"ಎಲ್ಲಿ?"

"ಕ್ಯಾಬಿನ್ನಿನಲ್ಲಿ."

"ನಾಕ ಮಂದಿ ಎದುರಿಗೆ ನನ್ನ ಕಳ್ಳನ್ನ ಮಾಡಿದ್ರು, ಜಯಾ. ನೀವು ಬಾಗಲ ಹಾಕ್ಕೊಂಡು ಸಾಚಾ ಮಾಡೀರಿ."

"ನಾನು ಸುಳ್ಳು ಹೇಳಲಿಲ್ಲ ಕಾಕಾ. ಮೀಟರ್ ನಿಜವಾಗಿ ಸರಿ ಇತ್ತು."

"ಹೌದವ್ವಾ. ಖರೇನ ಹೇಳಿದಿ. ಅದಕ್ಕ ನಿನ್ನ ಬೈಯಾಕೂ ಬರಂಗಿಲ್ಲ."

ಚಂದವ್ವ ಚಹಾ ತಂದಿಟ್ಟಳು. "ಕುಡದು ಹೋಗು," ಎಂದು ಒಳಗೆ ಹೋದವಳು ಮತ್ತೆ ಹೊರಗೆ ಬರಲಿಲ್ಲ.

ಸೋಮವಾರದ ಮೀಟಿಂಗಿನಲ್ಲಿ ಹೃಷಿಕೇಶ್ ಪೇಂಟಿನ ತೊಂದರೆ ಬಗೆಹರಿದಿದೆ ಎಂದು ಹೇಳಿ, ಲ್ಯಾಬನ್ನು ಹೊಗಳಿದ. ಚಪ್ಪಾಳೆ ಬಿತ್ತು. ಜಯಶೀಲ ಎದ್ದು ನಿಂತಳು. "ರೆಸಿನ್ ಖರಾಬ್ ಥಾ," ಎಂದು ಎಲ್ಲರಿಗೂ ತಿಳಿಯಲೆಂದು ಹಿಂದಿಯಲ್ಲಿ ಹೇಳಿದಳು. "ಹುಲಗಪ್ಪ ಕಾಕಾ ನೇ ಚೋರಿ ನಹೀ ಕೀ." ಕೆಟ್ಟದ್ದು ರೆಸಿನ್, ಕಾಕಾ ಕದ್ದಿಲ್ಲ ಎಂದು.

ಹುಲಗಪ್ಪನ ಕೈಕೆಳಗೆ ಕೆಲಸ ಕಲಿತವರು ಅಲ್ಲೇ ಇದ್ದರು. ಒಬ್ಬ ಮೊಬೈಲ್ ನೋಡಿದ, ಇನ್ನೊಬ್ಬ ಕೆಮ್ಮಿದ. "ಅದು ಎಚ್‌ಆರ್ ವಿಷಯ," ಎಂದು ಹೃಷಿಕೇಶ್ ಮುಂದಿನ ಮಾತಿಗೆ ಹೋದ. ಅವಳನ್ನು ಕೆಲಸದಿಂದ ತೆಗೆಯಲಿಲ್ಲ, ಬೈಯಲೂ ಇಲ್ಲ. ಅವಳು ಹೇಳಿದ್ದು ಬೈಯುವಷ್ಟೂ ಬೆಲೆಯಿಲ್ಲದ ಮಾತಾಗಿತ್ತು.

ಸಂಜೆ ಚಂದವ್ವನಿಗೆ ಫೋನ್ ಮಾಡಿ, ಎಲ್ಲರೆದುರು ಹೇಳಿದೆ ಎಂದಳು.

"ಅವರು ಡ್ಯೂಟಿಗೆ ಹೋಗ್ಯಾರ," ಎಂದಳು ಚಂದವ್ವ. "ಬಂದ್ರ ಹೇಳ್ತೀನಿ." ಆಮೇಲೆ ಕೇಳಿದಳು: "ಮತ್ತ ಕರದಾರೇನು, ಕೆಲಸಕ್ಕ?"

"ಇಲ್ಲ."

"ಹಂಗಾರ ಇಡ್ತೀನವ್ವಾ. ಒಲಿ ಮ್ಯಾಲ ಸಾರ ಐತಿ."