ಎಡಕ್ಕೆ ಎಳೆಯುವ ಗಾಡಿ

ಹೊಲಿಗೆಯಾಕೆ ಡ್ರೈವಿಂಗ್ ಕ್ಲಾಸಿಗೆ ಬಾರದೆ ನಾಲ್ಕು ದಿನವಾಗಿತ್ತು. ಐದನೆಯ ಬೆಳಿಗ್ಗೆ ಅವಳ ಹೊತ್ತಿಗೆ ಸರಿಯಾಗಿ ಮೇಡಂ ಒಬ್ಬಳೇ ಕಾರನ್ನು ಗೋದಾಮುಗಳ ಹಿಂದಿನ ಖಾಲಿ ರಸ್ತೆಗೆ ತಂದಳು. ಇಪ್ಪತ್ತು ವರ್ಷದಿಂದ ಹೆಂಗಸರಿಗೆ ಕಾರು ಕಲಿಸಿ ಕಲಿಸಿ ಅವಳ ಹೆಸರೇ ಮೇಡಂ ಎಂದಾಗಿಬಿಟ್ಟಿತ್ತು. ಕೊನೆಯ ದಿನ ಹೊಲಿಗೆಯಾಕೆ ಹೇಳಿದ ಮಾತು ಅವಳ ತಲೆಯಿಂದ ಇಳಿದಿರಲಿಲ್ಲ.

ಅಂದು ಶಾಲೆಯ ಮುಂದೆ ಹೊಲಿಗೆಯಾಕೆ ಬ್ರೇಕ್ ಒತ್ತಿದ್ದಳು. ಕಾರು ಎಡಕ್ಕೆ ನುಗ್ಗಿ ಫುಟ್‌ಪಾತಿನ ಅಂಚಿಗೆ ಉಜ್ಜಿತ್ತು. ಅಲ್ಲಿ ಮಗುವನ್ನೆತ್ತಿಕೊಂಡು ನಿಂತಿದ್ದವಳು ಹಿಂದಕ್ಕೆ ಹಾರಿದ್ದಳು. ಮೇಡಂ ತನ್ನ ಕಡೆಯ ಬ್ರೇಕ್ ತುಳಿಯದಿದ್ದರೆ ಮುಂದಿನದನ್ನು ನೆನೆಸಿಕೊಳ್ಳುವ ಹಾಗಿರಲಿಲ್ಲ.

"ನಾನು ತಿರುಗಿಸಲಿಲ್ಲ ಮೇಡಂ. ಅದಾಗೇ ಹೋಯ್ತು," ಅಂದಿದ್ದಳು ಹೊಲಿಗೆಯಾಕೆ, ಬೆವರಿದ ಅಂಗೈಗಳನ್ನು ಸ್ಟಿಯರಿಂಗಿನಿಂದ ತೆಗೆಯದೆ.

"ಗಾಡಿಗೇನು ಕಾಲು ಬಂದಿದೆಯಾ ಅಕ್ಕ, ತಾನಾಗೇ ಹೋಗೋಕೆ?" ಅಂದುಬಿಟ್ಟಿದ್ದಳು ಮೇಡಂ. ಹಿಂದಿನ ಸೀಟಿನಲ್ಲಿ ಸರದಿ ಕಾಯುತ್ತಿದ್ದ ಹುಡುಗಿ ಕಿಸಕ್ಕನೆ ನಕ್ಕಿದ್ದಳು.

ಹೊಲಿಗೆಯಾಕೆಗೆ ಐವತ್ತೆರಡು. ಗಂಡನಿಗೆ ಪಾರ್ಶ್ವವಾಯು ಬಡಿದ ಮೇಲೆ ಮನೆಯ ಕಾರು ಶೆಡ್ಡಿನಲ್ಲಿ ಧೂಳು ತಿನ್ನುತ್ತಿತ್ತು. ವಾರಕ್ಕೆ ಮೂರು ಸಲ ಅವನನ್ನು ಆಸ್ಪತ್ರೆಗೆ ಕರೆದೊಯ್ಯಬೇಕು. ಪ್ರತಿ ಸಲವೂ ಮೈದುನನ ಮುಂದೆ ಹಲ್ಲುಗಿಂಜಬೇಕು. ಆ ಮೈದುನನೋ, ಈ ವಯಸ್ಸಿಗೆ ಅತ್ತಿಗೆಗೆ ಸ್ಟಿಯರಿಂಗ್ ಹುಚ್ಚು ಹಿಡಿದಿದೆ ಎಂದು ಊರೆಲ್ಲ ಹೇಳಿಕೊಂಡು ತಿರುಗುವವನು. ಲೈಸೆನ್ಸ್ ಪರೀಕ್ಷೆಗೆ ಉಳಿದದ್ದು ಹತ್ತೇ ದಿನ.

ಖಾಲಿ ರಸ್ತೆಯಲ್ಲಿ ಮೇಡಂ ಈಗ ವೇಗ ಹೆಚ್ಚಿಸಿದಳು. ಸ್ಟಿಯರಿಂಗ್ ಮೇಲಿನ ಹಿಡಿತ ಸಡಿಲಿಸಿ, ಬೆರಳು ಸುಮ್ಮನೆ ತಾಗಿಸಿಟ್ಟು, ಬ್ರೇಕ್ ಒತ್ತಿದಳು. ಕೆಳಗೆಲ್ಲೋ ಟಕ್ ಎಂದಿತು. ಕಾರು ಹಗ್ಗ ಕಟ್ಟಿ ಎಳೆದಂತೆ ಎಡಕ್ಕೆ ಹೋಯಿತು. ನಂಬಲಾಗದೆ ಮತ್ತೊಮ್ಮೆ ಮಾಡಿದಳು. ಮತ್ತೂ ಎಡಕ್ಕೇ.

ಎರಡು ತಿಂಗಳಿಂದ ಇದೇ ಕಾರನ್ನು ದಿನವೂ ಮನೆಗೆ ಓಡಿಸಿಕೊಂಡು ಹೋಗಿದ್ದಳು. ಅವಳಿಗೆ ಗೊತ್ತೇ ಆಗಿರಲಿಲ್ಲ. ಪಳಗಿದ ಕೈ ಅವಳನ್ನು ಕೇಳದೆಯೇ ಪ್ರತಿ ಸಲ ಬಲಕ್ಕೆ ಚೂರು ತಿರುಗಿಸಿ ತಪ್ಪನ್ನು ಮುಚ್ಚಿಹಾಕಿತ್ತು. ಏನೂ ಬಾರದ ಹೊಲಿಗೆಯಾಕೆಯ ಕೈ ಮಾತ್ರ, ಗಾಡಿ ಹೇಗಿತ್ತೋ ಹಾಗೆ ತೋರಿಸಿತ್ತು.

ಎರಡು ತಿಂಗಳ ಹಿಂದೆ, ಒಂದು ಭಾನುವಾರ, ಮೇಡಂಳ ಗಂಡ ಮನೆಯ ಅಂಗಳದಲ್ಲಿ ಕಾರಿನಡಿ ಮಲಗಿದ್ದ. ವಾರವಿಡೀ ಕಾಲೇಜಿನ ಗ್ರಂಥಾಲಯ ನೋಡಿಕೊಳ್ಳುವ ಅವನನ್ನು ಭಾನುವಾರ ಮಾತ್ರ ನೆರೆಹೊರೆಯವರು ಇಂಜಿನಿಯರ್ರೇ ಎಂದು ಕೂಗುತ್ತಿದ್ದರು. ಅದು ತಮಾಷೆ ಎಂದು ಅವನಿಗೊಬ್ಬನಿಗೇ ಹೊಳೆದಿರಲಿಲ್ಲ. ಚಕ್ರವನ್ನು ಗಾಡಿಗೆ ಹಿಡಿದಿಡುವ ಎಡಗಡೆಯ ಲೋವರ್ ಆರ್ಮ್ ಸವೆದಿತ್ತು. ಆನ್‌ಲೈನಿನಲ್ಲಿ ಹುಡುಕಿ, ಕಂಪನಿಯ ಹೆಸರೂ ಇಲ್ಲದ ಡಬ್ಬಿಯಲ್ಲಿ ಬಂದ ಹೊಸದೊಂದನ್ನು, ವಿಡಿಯೋ ನೋಡಿ ನೋಡಿ ಕೂರಿಸಿದ್ದ. ಟಕಟಕ ಸದ್ದು ಬರುತ್ತಿದೆ ಎಂದು ಆಮೇಲೆ ಅವಳು ಎರಡು ಸಲ ಹೇಳಿದ್ದಳು. ನಿನ್ನ ಶಿಷ್ಯೆಯರು ಬ್ರೇಕ್ ಮೇಲೆ ಹತ್ತಿ ನಿಂತರೆ ಯಾವ ಗಾಡಿ ನರಳುವುದಿಲ್ಲ ಎಂದಿದ್ದ ಅವನು. ಅವಳೂ ನಕ್ಕಿದ್ದಳು.

ನೇರ ಗ್ಯಾರೇಜಿಗೆ ಹೋದಳು. ಮೆಕ್ಯಾನಿಕ್ ಕಾರನ್ನು ಮೇಲೆತ್ತಿಸಿ, ಟಾರ್ಚ್ ಬಿಟ್ಟು ನೋಡಿ, ನಿಮ್ಮ ಯಜಮಾನರಿಗೆ ಫೋನ್ ಹಚ್ಚಿ, ಅವರಿಗೆ ವಿವರಿಸುತ್ತೇನೆ ಎಂದ.

"ನನಗೇ ಹೇಳಿ," ಎಂದಳು. "ಓಡಿಸೋದು ನಾನು."

ಅವನು ಅವಳನ್ನೊಮ್ಮೆ ನೋಡಿ, ಕೆಳಗೆ ಕರೆದು ಬೆರಳಿಟ್ಟು ತೋರಿಸಿದ. ಆರ್ಮಿನ ಬುಡದ ರಬ್ಬರ್ ಬುಷ್ ಹರಿದು ಹಪ್ಪಳವಾಗಿತ್ತು. ಗಾಡಿ ಜಾಕಿನ ಮೇಲಿದ್ದು ಚಕ್ರ ನೇತಾಡುವಾಗಲೇ ಬೋಲ್ಟನ್ನು ಪೂರ್ತಿ ಬಿಗಿದಿದ್ದಾರೆ, ಚಕ್ರ ನೆಲಕ್ಕೆ ಕೂತು ಭಾರ ಬಿದ್ದ ಮೇಲೆ ಬಿಗಿಯಬೇಕಿತ್ತು, ಮೊದಲೇ ಕಳಪೆ ರಬ್ಬರು, ತಿರುಚಿಕೊಂಡು ಹರಿದಿದೆ, ಬ್ರೇಕ್ ಒತ್ತಿದಾಗ ಚಕ್ರ ಜಾಗ ಬಿಟ್ಟು ಸರಿದು ಗಾಡಿ ಎಡಕ್ಕೆ ಎಳೆಯುತ್ತದೆ ಎಂದ. ಆಮೇಲೆ ಆರ್ಮಿನ ಇನ್ನೊಂದು ತುದಿಯ, ಚಕ್ರದ ಕಡೆಯ ನಟ್ಟನ್ನು ತೋರಿಸಿದ. ನಟ್ಟು ಬಿಚ್ಚಿಕೊಳ್ಳದಂತೆ ತಡೆಯುವ ಪಿನ್ನಿನ ಜಾಗದಲ್ಲಿ ಬಗ್ಗಿಸಿದ ಒಂದು ಮೊಳೆಯಿತ್ತು.

"ಇದು ಬಿದ್ದಿದ್ರೆ?"

"ನಟ್ಟು ಸಡಿಲ ಆಗ್ತಾ ಬಂದು, ಒಂದು ದಿನ ಚಕ್ರ ಅಡ್ಡ ಮಲಗೋದು. ಸ್ಟಿಯರಿಂಗ್ ನಿಮ್ಮ ಕೈಯಲ್ಲೇ ಇರ್ತಿತ್ತು ಮೇಡಂ, ಗಾಡಿ ಇರ್ತಿರ್ಲಿಲ್ಲ."

ಸರಿಯಾದ ಭಾಗ ಹಾಕಿಸಿ, ಅಲೈನ್‌ಮೆಂಟ್ ಮಾಡಿಸುವ ಹೊತ್ತಿಗೆ ಮಧ್ಯಾಹ್ನ ಕಳೆದಿತ್ತು. ಬಿಚ್ಚಿದ ಆರ್ಮನ್ನು ಹಳೆಯ ಚೀಲವೊಂದರಲ್ಲಿ ಹಾಕಿಸಿಕೊಂಡು ಮನೆಗೆ ಬಂದಳು. ಅಂದು ಮನೆಯಲ್ಲೇ ಇದ್ದ ಗಂಡ ಊಟ ಮಾಡುತ್ತಿದ್ದ. ಚೀಲವನ್ನು ತಟ್ಟೆಯ ಪಕ್ಕದಲ್ಲೇ ಇಟ್ಟು, ಮೆಕ್ಯಾನಿಕ್ ಹೇಳಿದ್ದನ್ನೆಲ್ಲ ಹೇಳಿದಳು. ಅವನು ಮೊಳೆಯ ಮಾತು ಬಿಟ್ಟು ಉಳಿದೆಲ್ಲ ಆಡಿದ. ಆನ್‌ಲೈನಿನಲ್ಲಿ ಅದಕ್ಕೆ ಐದು ಸ್ಟಾರ್ ಇದ್ದವಂತೆ. ಸಾವಿರಾರು ಜನ ತರಿಸಿಕೊಂಡಿದ್ದರಂತೆ. ಗ್ಯಾರೇಜಿನವರು ಸಾಚಾ ಎಂದು ಯಾರು ಹೇಳಿದ್ದು?

"ಎರಡು ತಿಂಗಳು ಓಡಿತಲ್ಲ, ಏನಾದ್ರೂ ಆಯ್ತಾ?" ಎಂದ ಕೊನೆಗೆ.

"ಆಯ್ತು ರೀ. ಒಬ್ಬಳು ಇದ್ದದ್ದನ್ನ ಇದ್ದ ಹಾಗೆ ಹೇಳಿದ್ಲು. ಅವಳಿಗೆ ಕೈ ನೆಟ್ಟಗಿಲ್ಲ ಅಂದೆ ನಾನು. ನೀವು ನನಗೆ ಕಿವಿ ನೆಟ್ಟಗಿಲ್ಲ ಅಂದ ಹಾಗೆ."

ಇನ್ನು ನನ್ನ ಗಾಡಿಯ ಒಂದು ಬೋಲ್ಟನ್ನೂ ಮುಟ್ಟಕೂಡದು ಎಂದು ಹೇಳಿ, ಚೀಲ ಎತ್ತಿಕೊಂಡು ಹೊರಟಳು.

ಹೊಲಿಗೆಯಾಕೆಯ ಮನೆಯ ಮುಂದಿನ ಕೋಣೆಯಲ್ಲಿ ಎರಡು ಮಿಷನ್‌ಗಳು, ನೆಲದ ಮೇಲೆ ಕತ್ತರಿಸಿದ ಬಟ್ಟೆಯ ಚೂರು. ಕಿಟಕಿಯ ಪಕ್ಕ ಗಾಲಿ ಕುರ್ಚಿಯಲ್ಲಿ ಅವಳ ಗಂಡ. ಮೈದುನ ಬಾಗಿಲಿಗೊರಗಿ ನಿಂತು, ಅತ್ತಿಗೆಯ ಡ್ರೈವರ್ ಕೆಲಸಕ್ಕೆ ರಾಜೀನಾಮೆ ಆಯಿತು ಎಂದು ಸ್ವಾಗತಿಸಿದ. ಮೇಡಂ ಅವನನ್ನು ದಾಟಿ ಒಳಗೆ ಹೋದಳು. ಬಟ್ಟೆಯ ಚೂರುಗಳ ನಡುವೆ ಕೂತು, ಚೀಲ ಬಿಚ್ಚಿ, ಹರಿದ ರಬ್ಬರನ್ನು ಹೊಲಿಗೆಯಾಕೆಯ ಕೈಗೇ ಕೊಟ್ಟಳು.

"ನೀವು ತಿರುಗಿಸಿರಲಿಲ್ಲ ಅಕ್ಕ. ಗಾಡಿಯೇ ಎಳೀತಿತ್ತು. ನೀವು ಹೇಳಿದ್ದು ನಿಜ, ನಾನು ಕೇಳಲಿಲ್ಲ. ತಪ್ಪಾಯ್ತು."

ಹೊಲಿಗೆಯಾಕೆ ರಬ್ಬರನ್ನು ಬೆರಳ ತುದಿಯಿಂದ ಎಳೆದು ನೋಡಿದಳು. ಹಳೆಯ ಬಟ್ಟೆಯನ್ನು ಹೊಸದೆಂದು ಮಾರಲು ಬಂದವರ ಮುಂದೆ ಬಟ್ಟೆ ಎಳೆದು ನೋಡುವ ಹಾಗೆ. ಅವಳ ಕಣ್ಣಲ್ಲಿ ನೀರು ಬರುತ್ತದೆಂದು ಮೇಡಂ ಕಾದಳು. ಬಂದದ್ದು ಸಿಟ್ಟು.

"ನಾಲ್ಕು ರಾತ್ರಿ ನಿದ್ದೆ ಮಾಡಿಲ್ಲ ನಾನು. ಕಣ್ಣು ಮುಚ್ಚಿದ್ರೆ ಆ ಮಗುನೇ ಬರೋದು. ನನ್ನ ಕೈಯಿಂದ ಒಂದು ಜೀವ ಹೋಗ್ತಿತ್ತಲ್ಲ ಅಂತ. ಆ ಹುಡುಗಿ ನಕ್ಕಾಗ ನೀವು ಸುಮ್ಮನಿದ್ರಿ."

"ಹೌದು. ಸುಮ್ಮನಿದ್ದೆ."

"ಈಗ ಹೇಳಿದ್ದನ್ನ ಅವಳ ಮುಂದೆಯೂ ಹೇಳಬೇಕು."

"ನಾಳೆ ಅವಳೂ ಇರ್ತಾಳೆ. ಹೇಳ್ತೀನಿ."

ಮೈದುನ ಏನೋ ಶುರುಮಾಡಿದ, ಹೇಗಿದ್ದರೂ ಹೆಂಗಸರಿಗೆ ಈ ಟ್ರಾಫಿಕ್ಕಿನಲ್ಲಿ ಎಂದು. ಕಿಟಕಿಯ ಪಕ್ಕದಿಂದ ಗಂಡ, ಸೊಟ್ಟ ಬಾಯಿಂದ, ಒಂದೊಂದೇ ಅಕ್ಷರ ಹೊರಡಿಸಿ, ಸುಮ್ಮನಿರೋ ಎಂದ.

ಹೊಲಿಗೆಯಾಕೆ ಸೆರಗು ಸಿಕ್ಕಿಸಿ ಎದ್ದಳು. ನಾಳೆಯ ಮಾತು ನಾಳೆ, ಗಾಡಿ ತಂದಿದ್ದೀರಲ್ಲ, ಹೊಸದನ್ನು ಎಲ್ಲಿ ಹಾಕಿದ್ದಾರೆ ಮೊದಲು ತೋರಿಸಿ ಎಂದಳು. ಬೀದಿಯಲ್ಲಿ, ನೋಡುವವರ ಪರಿವೆಯಿಲ್ಲದೆ, ಮೊಣಕಾಲೂರಿ ಚಕ್ರದ ಹಿಂದೆ ಬಗ್ಗಿದಳು. ಪಿನ್ ಯಾವುದು ಎಂದು ಕೇಳಿ, ಅದನ್ನು ತಾನೇ ಮುಟ್ಟಿ ನೋಡಿದಳು.

ಆಮೇಲೆ ಗ್ರೀಸಾದ ಬೆರಳನ್ನು ಒರೆಸಿಕೊಳ್ಳದೆ, ಕೀಲಿಗಾಗಿ ಕೈ ಚಾಚಿದಳು.