ಉಬ್ಬರದಲ್ಲಿ ಅಳೆದ ಕಟ್ಟೆ

ಸರ್ಕಾರದ ಅಭಿವೃದ್ಧಿ ನಿಧಿಯಿಂದ ನಮ್ಮ ದಡಕ್ಕೆ ಹೊಸ ದೋಣಿಕಟ್ಟೆ ಬಂತು. ಇಂಜಿನಿಯರು ಅಳತೆಗೆ ಬಂದಿದ್ದು ಒಂದೇ ಸಲ, ಅದೂ ಉಬ್ಬರದ ಹೊತ್ತಿನಲ್ಲಿ. ನೀರು ಇಳಿದರೆ ಕಟ್ಟೆ ದೋಣಿಗಿಂತ ಎರಡಾಳು ಎತ್ತರ ನಿಲ್ಲುತ್ತದೆ ಎಂಬುದು ಆ ಪುಣ್ಯಾತ್ಮನಿಗೆ ಹೊಳೆಯಲೇ ಇಲ್ಲ.

ಇಲಾಖೆಯ ಸಾಹೇಬರು ಕಟ್ಟೆ ನೋಡಲು ಬಂದ ದಿನ ನೀರು ಇಳಿದಿತ್ತು, ನಾನು ಕೆಳಗೆ ದೋಣಿಯಲ್ಲಿದ್ದೆ. ಅಕ್ಕ ಮೇಲಿನಿಂದ ಹಗ್ಗ ಬಿಟ್ಟು ಬುಟ್ಟಿ ಎಳೆಯುತ್ತಿದ್ದಳು. ಅದು ಅರ್ಧದಲ್ಲೇ ವಾಲಿ, ಬೆಳಗಿನ ಮೀನೆಲ್ಲ ಕೆಸರು ಪಾಲಾಯಿತು.

"ನೀರು ತುಂಬಿದಾಗ ಬನ್ನಿ, ಸುಲಭ ಆಗುತ್ತೆ," ಎಂದರು ಸಾಹೇಬರು, ಮೂಗಿಗೆ ಕರವಸ್ತ್ರ ಹಿಡಿದು.

"ಅದನ್ನ ಮೀನಿಗೆ ಹೇಳಿ ಸ್ವಾಮಿ!" ಎಂದು ಕೂಗಿದೆ.

ಕಟ್ಟೆ ಸರಿಯಿದೆ ಎಂದು ನಮ್ಮ ಮೀನುಗಾರರ ಸಂಘದ ಅಧ್ಯಕ್ಷ ರುಜು ಹಾಕದಿದ್ದರೆ ಇಲಾಖೆ ಅದನ್ನು ಮತ್ತೆ ಕಟ್ಟಿಸಬೇಕಿತ್ತು. ಅಧ್ಯಕ್ಷ ಅಂದರೆ ಅಕ್ಕನ ಗಂಡ; ಕಾಗದ ಹಿಡಿದು ಸಾಹೇಬರ ಪಕ್ಕದಲ್ಲೇ ನಿಂತಿದ್ದ. "ಹಾಕಬೇಡ ಭಾವ!" ಎಂದು ಗಂಟಲು ಹರಿಯುವಂತೆ ಅರಚಿದೆ.

"ಸುಮ್ನಿರೋ, ದೊಡ್ಡೋರ ಮುಂದೆ ಮರ್ಯಾದೆ ಕಳೀಬೇಡ," ಎಂದ ಭಾವ, ಸಾಹೇಬರ ಪೆನ್ನಿನಿಂದಲೇ ರುಜು ಹಾಕಿ ಹಲ್ಲು ಕಿರಿದ.

ಅಕ್ಕ ಹಗ್ಗವನ್ನು ಅವನ ಕೈಗೆ ತುರುಕಿದಳು. "ಇಳೀರಿ, ಮೀನು ಹೆಕ್ಕಿ ತನ್ನಿ. ಕಟ್ಟೆ ಸರಿಯಾಗಿದೆಯಲ್ಲ!"

ಭಾವ ಕೆಳಗೆ ಇಣುಕಿ, ಎರಡು ಹೆಜ್ಜೆ ಹಿಂದೆ ಸರಿದ. ನಾನು ಥೂ ಎಂದು ಉಗಿದು, ಕೆಸರಿಗೆ ಇಳಿದೆ.