ಮಗಳ ಅಳತೆಯ ಅಚ್ಚು

"ಏ ಮುರುಕಿ, ಕೈ ಮುರಿದಿದ್ದು ಎಲ್ಲರಿಗೂ ಗೊತ್ತು. ಈಗ ಕಾಲಿಗೂ ಲಕ್ವ ಹೊಡೀತೇನೇ? ತುಳಿಯೇ ಮುಂಡೇದೇ!"

ಚಳಿ ಇನ್ನೂ ಬಿಟ್ಟಿರಲಿಲ್ಲ. ಬೆಳಗಿನ ಮಂಜು ಇಟ್ಟಿಗೆ ಭಟ್ಟಿಯ ಹೊಗೆಯೊಂದಿಗೆ ಬೆರೆತು ಹಸಿ ಇಟ್ಟಿಗೆಯ ಸಾಲುಗಳ ಮೇಲೆ ಮೈಚೆಲ್ಲಿ ಮಲಗಿತ್ತು. ಅವಳು ಮೊಣಕಾಲುದ್ದ ಕೆಸರಿನಲ್ಲಿ ನಿಂತು ತುಳಿಯುತ್ತಿದ್ದಳು. ಮೇಸ್ತ್ರಿ ಗುಂಡಿಯ ಅಂಚಿನಲ್ಲಿ ಬೀಡಿ ಕಚ್ಚಿಕೊಂಡು ನಿಂತಿದ್ದ. ಬೈಗುಳ ಅವಳಿಗೆ ಹೊಸದಲ್ಲ. ಗಂಡ ಸಲಿಕೆಯ ಹಿಡಿಯಿಂದ ಬಡಿದಾಗ ಎಡಗೈಯ ಮಣಿಕಟ್ಟು ಮುರಿದಿತ್ತು. ಕಟ್ಟು ಬಿಚ್ಚುವ ಮುಂಚೆಯೇ ಕೆಸರಿಗಿಳಿದದ್ದಕ್ಕೆ ಸೊಟ್ಟಗೆ ಕೂಡಿಕೊಂಡಿತು. ಅವತ್ತಿನಿಂದ ಅವಳ ಹೆಸರೇ ಮುರುಕಿ.

ಭಟ್ಟಿಯಲ್ಲಿ ಒಂಟಿ ಆಳಿಗೆ ಕೆಲಸವಿಲ್ಲ. ಒಬ್ಬರು ಕೆಸರು ಹದ ಮಾಡಿ ಮುದ್ದೆ ಕಟ್ಟಿ ಕೊಡಬೇಕು, ಇನ್ನೊಬ್ಬರು ಅದನ್ನು ಅಚ್ಚಿಗೆ ಬಡಿದು ನೆಲದ ಮೇಲೆ ಕವುಚಬೇಕು. ಕೆಲಸ ಕೊಡುವುದು ಜೋಡಿಗೆ, ಮುಂಗಡ ಕೊಡುವುದೂ ಜೋಡಿಯ ತಲೆಯ ಮೇಲೆ. ಹಾಗಾಗಿ ಗಂಡ ಹೆಂಡಿರು ಎಷ್ಟೇ ಕಚ್ಚಾಡಿದರೂ ಅಲ್ಲಿ ಯಾರೂ ಬೇರೆಯಾದದ್ದನ್ನು ಅವಳು ಕಂಡಿರಲಿಲ್ಲ. ತಾನು ಭಟ್ಟಿಯ ಧಣಿಯ ಎದುರು ನಿಂತು, "ನಂಗೆ ಇವನ ಜೊತೆ ಆಗಲ್ಲ ಧಣಿ, ಬಿಡುಗಡೆ ಕೊಡ್ಸಿ," ಎಂದಾಗ ಚಪ್ಪಲಿ ಬೀಳುತ್ತದೆ ಅಂದುಕೊಂಡಿದ್ದಳು. ಧಣಿ ಬೈಯಲೇ ಇಲ್ಲ.

"ಆಯ್ತು ಬಿಡಮ್ಮ. ದಿನಾ ಬಡಿಸ್ಕೊಂಡು ಎಷ್ಟೂಂತ ಬಾಳ್ತೀಯ? ನಮ್ಮ ವಕೀಲ್ರಿದ್ದಾರೆ, ಇಬ್ಬರಿಗೂ ಅವರೇ ಸಾಕು. ಇಬ್ರೂ ಒಪ್ಪಿದ್ದೀವಿ ಅಂದ್ಬಿಟ್ರೆ ಜಗಳ ಇಲ್ಲ, ರಂಪ ಇಲ್ಲ. ಜಡ್ಜ್ ಏನು ಕೇಳಿದ್ರೂ ಹೂಂ ಅನ್ನು."

ಅವಳು ಧಣಿಯ ಕಾಲಿಗೆ ಬಿದ್ದು ಅತ್ತಿದ್ದಳು.

ಹೂಂ ಅನ್ನುವುದು ಅವಳಿಗೆ ಹೇಳಿಕೊಡಬೇಕಾದ ಪಾಠವೇನಲ್ಲ. ಭಟ್ಟಿಯಲ್ಲಿ ಸಂಜೆ ಮೇಸ್ತ್ರಿ ಇಟ್ಟಿಗೆ ಎಣಿಸಿ ಕೂಗುತ್ತಾನೆ. ಸರಿಯಿರಲಿ ತಪ್ಪಿರಲಿ ಹೂಂ ಅನ್ನಬೇಕು. ಅಲ್ಲ ಅಂದವರ ಸಾಲಿನಲ್ಲಿ ಮರುದಿನ ಒಡೆದ ಇಟ್ಟಿಗೆ ಜಾಸ್ತಿಯಾಗಿರುತ್ತದೆ. ಆ ಅಭ್ಯಾಸದ ಬಾಯಿ ಕೋರ್ಟಿನಲ್ಲೂ ತಾನಾಗಿ ಆಡಿತು. ನ್ಯಾಯಾಧೀಶರು ಪುಸ್ತಕದ ಭಾಷೆಯಲ್ಲಿ ಒಂದೊಂದೇ ಕೇಳಿದರು. ಹೂಂ. ಹೂಂ. ಹೂಂ. ಕೊನೆಗೆ, ಇಬ್ಬರೂ ಯೋಚಿಸಲು ಕಾಲಾವಕಾಶವಿದೆ, ಮತ್ತೊಮ್ಮೆ ಬಂದು ಇದನ್ನೇ ಹೇಳಿದರೆ ವಿಚ್ಛೇದನ ಮಂಜೂರಾಗುತ್ತದೆ ಎಂದರು.

ಆ ಮತ್ತೊಮ್ಮೆ ನಾಳೆ ಇತ್ತು. ಮಗಳನ್ನು ಕರೆದುಕೊಂಡು ಅವ್ವನ ಮನೆ ಸೇರುತ್ತೇನೆ ಎಂದು ಅವಳು ಬಟ್ಟೆ ಗಂಟನ್ನೂ ಕಟ್ಟಿಟ್ಟಿದ್ದಳು.

ನೀರು ಕುಡಿಯಲು ಹೊರಟವಳು ಕೊಟ್ಟಿಗೆಯ ಪಕ್ಕ ನಿಂತಳು. ಬಡಗಿ ತಾತ ಕುಕ್ಕರಗಾಲಲ್ಲಿ ಕೂತು ಹೊಸ ಅಚ್ಚೊಂದಕ್ಕೆ ಉಜ್ಜುಗೊರಡು ಆಡಿಸುತ್ತಿದ್ದ. ಭಟ್ಟಿಯ ಅಚ್ಚುಗಳೆಲ್ಲ ಎರಡೆರಡು ಇಟ್ಟಿಗೆಯವು, ದಪ್ಪ ಹಲಗೆಯವು. ಇದು ಒಂದೇ ಇಟ್ಟಿಗೆಯದು. ಹಲಗೆ ತೆಳ್ಳಗೆ, ಹಿಡಿ ಕಿರಿದು.

"ಏನು ತಾತ, ಇಷ್ಟು ಪುಟ್ಟದು? ಧಣಿ ಗುಬ್ಬಚ್ಚಿಗಳಿಗೆ ಮನೆ ಕಟ್ತಾರಾ?"

ತಾತ ಬೊಚ್ಚು ಬಾಯಲ್ಲಿ ನಕ್ಕ. "ಗುಬ್ಬಚ್ಚಿಗೇ ಕಣೆ. ನಿನ್ನ ಮಗಳಿಗೆ. ನಿನ್ನೆ ತಾನೇ ಅವಳ ಅಂಗೈ ಅಳತೆ ತಗೊಂಡೆ."

"ನನ್ನ ಮಗಳಿಗಾ?"

"ಹೂಂ ಮತ್ತೆ. ನೀನು ಹೋದ್ಮೇಲೆ ಅಪ್ಪ ಮಗಳದ್ದೇ ಜೋಡಿ ಅಂತಲ್ಲ. ಮಗು ಅಪ್ಪನ ಹತ್ರ ಇರೋಕೆ ನೀನೇ ಒಪ್ಕೊಂಡಿದ್ದೀಯಂತೆ ಕೋರ್ಟಲ್ಲಿ…" ತಾತ ತಲೆಯೆತ್ತಿ ಅವಳ ಮುಖ ನೋಡಿದ. ನಗು ಅಲ್ಲೇ ಬತ್ತಿತು. "ಅಯ್ಯೋ, ನಿಂಗೆ ಗೊತ್ತಿರ್ಲಿಲ್ವೇನೇ ತಾಯಿ?"

ಯಾವ ಹೂಂ ಅದು? ಎಷ್ಟನೆಯದು? ದೂರದಲ್ಲಿ ಮಗಳು ಒಣಗಿದ ಇಟ್ಟಿಗೆಗಳನ್ನು ಮಗ್ಗುಲು ತಿರುಗಿಸುತ್ತಿದ್ದಳು. ಹತ್ತು ತುಂಬಿದ ಹುಡುಗಿ. ಲಂಗ ಮೇಲೆತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ತನಗೆ ತಾನೇ ಏನೋ ಹಾಡಿಕೊಳ್ಳುತ್ತಿದ್ದಳು.

ಸಂಜೆ ಗುಡಿಸಲಿನಲ್ಲಿ ಗಂಡ ಒಲೆಯ ಮುಂದೆ ಕೈ ಕಾಯಿಸುತ್ತಿದ್ದ.

"ನಿಂಗೆ ಗೊತ್ತಿತ್ತಾ?"

ಅವನು ಬೆಂಕಿಯಿಂದ ಕಣ್ಣು ಕೀಳಲಿಲ್ಲ. "ಧಣಿ ಹೇಳಿದ್ರು."

"ನೀನೇನಂದೆ?"

"ಏನಂತ ಅನ್ನಲಿ? ಮುಂಗಡ ಕೂತಿದೆ ತಲೆ ಮೇಲೆ. ನಿನ್ನ ಸೊಟ್ಟ ಕೈಲಿ ಏನು ಕಿತ್ತಾಕ್ತೀಯ?"

"ಸೊಟ್ಟ ಮಾಡಿದ್ಯಾರೋ ಬೇವರ್ಸಿ?"

ಅವನ ಕೈ ಮೇಲಕ್ಕೆದ್ದಿತು. ಏಟು ಬೀಳುವ ಮೊದಲೇ ಅವಳು ತಲೆ ಬಗ್ಗಿಸಿ ಮುದುಡಿದಳು. ಆದರೆ ಏಟು ಬೀಳಲಿಲ್ಲ. ಕೈ ಹಾಗೇ ಕೆಳಗಿಳಿಯಿತು.

"ನಾಳೆ ಹೂಂ ಅಂದ್ಬಿಡೇ," ಎಂದ ಅವನು. "ಕೈ ಮುಗೀತೀನಿ. ಇಲ್ಲ ಅಂದ್ರೆ ಧಣಿ ನನ್ನೂ ಉಳ್ಸಲ್ಲ, ನಿನ್ನೂ ಉಳ್ಸಲ್ಲ."

ಇಷ್ಟು ವರ್ಷ ಅವನ ಸಿಟ್ಟಿಗೆ ಹೆದರಿದ್ದಳು. ಇವತ್ತು ಅವನ ಹೆದರಿಕೆಗೆ ಹೆದರಿದಳು.

ಬೆಳಗ್ಗೆ ಧಣಿಯ ಜೀಪು ಬಂದು ಹಾರನ್ ಬಾರಿಸಿತು. ಅಷ್ಟರಲ್ಲಿ ಅವಳು ಚೀಲ ಹಿಡಿದು ಕೊಟ್ಟಿಗೆಗೆ ಹೋಗಿ ಬಂದಿದ್ದಳು. ಅವಳನ್ನು ಕಂಡ ತಾತ ಬೆನ್ನು ತಿರುಗಿಸಿ, ಗೋಡೆಯ ಕಡೆ ಮುಖ ಮಾಡಿ, ಬಹಳ ಹೊತ್ತು ಮೂಗು ಸೀಟಿಕೊಳ್ಳುತ್ತ ನಿಂತಿದ್ದ.

"ಆ ಮರೀನ ಯಾಕೆ ಹತ್ತಿಸ್ತೀಯ?" ಮುಂದಿನ ಸೀಟಿನಿಂದ ಧಣಿ ಕೇಳಿದ.

"ಅವಳನ್ನ ಬಿಟ್ಟು ನಾ ಬರಲ್ಲ ಧಣಿ." ಧ್ವನಿ ಅವಳಿಗೇ ಕೇಳಿಸಲಿಲ್ಲ.

"ಏನು ಗೊಣಗ್ತೀಯ?"

"ಬರಲ್ಲ."

ಪಕ್ಕದಲ್ಲಿದ್ದ ವಕೀಲ ಗಡಿಯಾರ ನೋಡಿಕೊಂಡ. "ಬರ್ಲಿ ಬಿಡಿ. ಮುಖ ತೊಳ್ಸಿ ಕೂರ್ಸಿದ್ರೆ ಲಕ್ಷಣವಾಗಿ ಕಾಣುತ್ತೆ. ಅಪ್ಪ ಚೆನ್ನಾಗಿ ನೋಡ್ಕೊಂಡಿದ್ದಾನೆ ಅಂತಾಗುತ್ತೆ."

ಕೋರ್ಟಿನ ಮೊಗಸಾಲೆಯ ತುಂಬ ಜನ. ಬೆಂಚಿನ ಆ ತುದಿಗೆ ಗಂಡ, ಈ ತುದಿಗೆ ಹೆಂಡತಿ, ನಡುವೆ ಅವರವರ ಮಕ್ಕಳು. ಅವಳು ಹೊಟ್ಟೆನೋವೆಂದು ಹೇಳಿ ಮಗಳ ಕೈ ಹಿಡಿದು ಶೌಚಾಲಯದ ಕಡೆ ನಡೆದಳು. ಅದರ ಪಕ್ಕದ ಕೋಣೆ ಹೋದ ಸಲವೇ ಕಣ್ಣಿಗೆ ಬಿದ್ದಿತ್ತು. ಬಡವರಿಗೆ ಪುಕ್ಕಟೆ ವಕೀಲರು ಸಿಗ್ತಾರೆ ಎಂದು ಅಟೆಂಡರು ಯಾರಿಗೋ ಹೇಳುತ್ತಿದ್ದ. ನನಗ್ಯಾಕೆ, ಧಣಿಯ ವಕೀಲರಿದ್ದಾರಲ್ಲ ಎಂದು ಆಗ ದಾಟಿಹೋಗಿದ್ದಳು.

ಒಳಗೆ ನೆಗಡಿಯಿಂದ ಕಣ್ಣು ಕೆಂಪಾದ ಒಬ್ಬ ವಕೀಲೆ ಕಡತಗಳ ನಡುವೆ ಕೂತಿದ್ದಳು. ಮುರುಕಿ ತೊದಲುತ್ತ, ಹಿಂದುಮುಂದಾಗಿ ಎಲ್ಲವನ್ನೂ ಹೇಳಿದಳು.

"ನಿಮ್ಮ ಪರ ವಕೀಲರು ಯಾರು?"

"ಧಣಿಯವ್ರೇ ಅಕ್ಕ. ಇಬ್ಬರಿಗೂ ಒಬ್ರೇ."

"ಒಬ್ರು ಇಬ್ಬರ ಪರ ನಿಲ್ಲೋಕಾಗಲ್ಲಮ್ಮ. ಅವರು ವಕೀಲರನ್ನ ಕರೆಸಿದ ದಿನಾನೇ ನೀವು ನಿಮ್ಮವರೊಬ್ಬರನ್ನ ಹಿಡ್ಕೋಬೇಕಿತ್ತು. ಮಗು ಇದೆ, ಗಂಡ ಹೊಡೀತಾನೆ, ಕಾಗದದಲ್ಲಿ ಏನಿದೆ ಗೊತ್ತಿಲ್ಲ. ಇಷ್ಟಿದ್ದೂ ಒಬ್ಬರೇ ಹೋಗ್ತಾರಾ?"

"ತಪ್ಪಾಯ್ತಕ್ಕ. ಈಗ?"

"ಇನ್ನೂ ಹೊತ್ತು ಮೀರಿಲ್ಲ. ಒಪ್ಪಿಗೆ ಇಲ್ಲ ಅಂತ ಈವತ್ತು ನೀವು ಹೇಳಬಹುದು. ನಿಮ್ಮ ಬಾಯಿಂದಲೇ ಬರಬೇಕು. ನಾನು ಪಕ್ಕದಲ್ಲಿ ನಿಲ್ತೀನಿ." ವಕೀಲೆ ಮೂಗೊರೆಸಿಕೊಂಡು ದನಿ ತಗ್ಗಿಸಿದಳು. "ಆದ್ರೆ ಕೇಳಿ. ಇಲ್ಲ ಅಂದ್ರೆ ವಿಚ್ಛೇದನವೂ ಇಲ್ಲ. ನೀವು ಅವನ ಹೆಂಡತಿಯಾಗೇ ಉಳೀತೀರಿ. ಹೊಡೆದದ್ದಕ್ಕೆ, ಮಗುವಿಗೆ ಹೊಸದಾಗಿ ಕೇಸು ಹಾಕೋಣ. ಬೇಗ ಮುಗಿಯುತ್ತೆ ಅಂತ ನಾನು ಸುಳ್ಳು ಹೇಳಲ್ಲ. ಇರೋಕೆ ಜಾಗ ಇದೆಯಾ?"

ಅವ್ವನ ಮನೆ ಎನ್ನಲು ಹೊರಟವಳಿಗೆ ಧಣಿಯ ಜೀಪು ಆ ಮನೆಗೂ ಬರಬಲ್ಲದು ಎಂಬುದು ನೆನಪಾಯಿತು.

ಅಷ್ಟರಲ್ಲಿ ಹೊರಗೆ ಅವರ ಹೆಸರು ಕೂಗಿದರು.

ನ್ಯಾಯಾಧೀಶರು ಕನ್ನಡಕ ಏರಿಸಿ ಕಾಗದ ನೋಡಿದರು. ಗಂಡ ಕೈ ಕಟ್ಟಿ ನಿಂತಿದ್ದ. ಧಣಿಯ ವಕೀಲ ನೆಗಡಿಯ ವಕೀಲೆಯನ್ನು ಕಂಡು ಹುಬ್ಬು ಗಂಟಿಕ್ಕಿದ. ಹಿಂದಿನ ಬೆಂಚಿನಲ್ಲಿ ಧಣಿ ಕೂತಿದ್ದಾನೆಂದು ಅವಳಿಗೆ ತಿರುಗಿ ನೋಡದೆಯೂ ಗೊತ್ತಿತ್ತು. ಬೆನ್ನು ಉರಿಯುತ್ತಿತ್ತು.

"ಅರ್ಜಿದಾರರು ನೀವೇನಾ?"

"ಹೂಂ."

"ಯಾರ ಒತ್ತಾಯವೂ ಇಲ್ಲದೆ ಬಂದಿದ್ದೀರಾ?"

"ಹೂಂ." ಬಾಯಿ ತಾನಾಗಿ ಅಂದುಬಿಟ್ಟಿತ್ತು. ವಕೀಲೆ ಅವಳ ಮೊಣಕೈ ಮುಟ್ಟಿದಳು.

"ಅಪ್ರಾಪ್ತ ಪುತ್ರಿ ತಂದೆಯ ಸುಪರ್ದಿಯಲ್ಲಿ ಇರಲು ನಿಮ್ಮ ಸಮ್ಮತಿ ಇದೆಯೇ?"

ನಾಲಿಗೆ ಅಂಗುಳಿಗೆ ಒಣಗಿದ ಕೆಸರಿನಂತೆ ಅಂಟಿತ್ತು. ಹಿಂದಿನಿಂದ ಧಣಿ ಕೆಮ್ಮಿದ. ಭಟ್ಟಿಯಲ್ಲಿ ಎಣಿಕೆ ಕೂಗುವ ಮೊದಲು ಮೇಸ್ತ್ರಿ ಕೆಮ್ಮುವ ಹಾಗೆಯೇ.

"ಹೇಳಮ್ಮ, ಹೂಂ ಅನ್ನು," ಎಂದ ಧಣಿಯ ವಕೀಲ, ಮೆಲ್ಲಗೆ.

ಅವಳು ಬಗ್ಗಿ ಚೀಲದಿಂದ ಅಚ್ಚನ್ನು ತೆಗೆದಳು. ಸೊಟ್ಟ ಕೈಯಿಂದ ಜಾರಿ ಅದು ಮೇಜಿನ ಮೇಲೆ ದಡ್ಡೆಂದು ಬಿತ್ತು. ಹೊಸ ಮರದ ವಾಸನೆ ಹರಡಿತು.

"ಏನಿದು?"

"ಅಚ್ಚು ಸ್ವಾಮಿ. ಇಟ್ಟಿಗೆ ಅಚ್ಚು." ಮಾತು ಹೊರಗೆ ಬಿತ್ತು, ಜೊತೆಗೆ ಅಳುವೂ. "ಅವಳ ಕೈ ಅಳತೆ ತಗೊಂಡು ಮಾಡ್ಸಿದ್ದಾರೆ. ನೋಡಿ, ಅವಳ ಕೈಗೆ ಕೊಟ್ಟು ನೋಡಿ. ನಾನು ಒಪ್ಪಲ್ಲ. ಅವತ್ತು ಹೂಂ ಅಂದಿದ್ದು ನಂಗೆ ಗೊತ್ತಿಲ್ದೆ. ಬಿಡುಗಡೆ ಬೇಡ ಸ್ವಾಮಿ, ಹೊಡ್ಸಿಕೊಂಡೇ ಇರ್ತೀನಿ. ಮಗೂನ ಕೊಡಲ್ಲ."

ಅಚ್ಚಿನ ಹಿಡಿ ನೋಡಿದ ಮಗಳು, ತನ್ನದೆಂದು ಗುರುತು ಹಿಡಿದವಳಂತೆ ಕೈ ಮುಂದೆ ಚಾಚಿದಳು. ಮುರುಕಿ ಆ ಕೈಯನ್ನು ಹಿಡಿದು ಹಿಂದಕ್ಕೆಳೆದುಕೊಂಡಳು.

ನ್ಯಾಯಾಧೀಶರು ಅಚ್ಚನ್ನು ಕೈಗೆತ್ತಿಕೊಂಡು ನೋಡಿದರು. ಒಪ್ಪಿಗೆ ಹಿಂತೆಗೆದ ಮೇಲೆ ಈ ಅರ್ಜಿ ಮುಂದುವರಿಯುವುದಿಲ್ಲ ಎಂದರು. ಅಚ್ಚು ಸದ್ಯ ಇಲ್ಲೇ ಇರಲಿ ಎಂದರು. ಮುಂದಿನ ಹೆಸರು ಕೂಗಿದರು.

ಅರ್ಜಿ ಬರೆಯೋಣ, ನಾಳೆ ಬೆಳಗ್ಗೆಯೇ ಬನ್ನಿ ಎಂದು ಹೇಳಿ ವಕೀಲೆ ಇನ್ನೊಂದು ಕೋಣೆಗೆ ಓಡಿದಳು. ನಾಳೆ ಬೆಳಗ್ಗೆಯ ತನಕ ಎಲ್ಲಿರಬೇಕು ಎಂದು ಕೇಳಲು ಅವಳಿಗೆ ಬಾಯಿ ಬರಲಿಲ್ಲ.

ಗೇಟಿನ ಹೊರಗೆ ಜೀಪು ನಿಂತಿತ್ತು. ಗಂಡ ಆಗಲೇ ಹಿಂದಿನ ಸೀಟಿನಲ್ಲಿ ತಲೆ ತಗ್ಗಿಸಿ ಕೂತಿದ್ದ. ಧಣಿ ಕೂಗಾಡಲಿಲ್ಲ. ಹಲ್ಲುಕಡ್ಡಿಯಿಂದ ಹಲ್ಲು ಕೆದಕುತ್ತ, ನಗುನಗುತ್ತಲೇ ಕೇಳಿದ:

"ಆಯ್ತಲ್ಲ ನಿನ್ನ ನಾಟಕ? ಹತ್ತು. ಜೋಡಿಯ ಮುಂಗಡ ನಿನ್ನಪ್ಪ ಬಂದು ತೀರಿಸ್ತಾನಾ?"

ಅವಳು ಮಗಳ ಕೈಯನ್ನು ಇನ್ನೂ ಬಿಗಿಯಾಗಿ ಹಿಡಿದಳು.

"ಅಚ್ಚು ಒಳಗಿದೆ ಧಣಿ," ಎಂದಳು. "ಜಡ್ಜ್ ಹತ್ರ ಕೇಳಿ ಇಸ್ಕೊಳ್ಳಿ. ಮುಂಗಡಕ್ಕೆ ಜಮಾ ಮಾಡ್ಕೊಳ್ಳಿ."

ಅಂದವಳೇ ತಿರುಗಿ ರಸ್ತೆಯ ಅಂಚು ಹಿಡಿದು ನಡೆದಳು. ಎತ್ತ ಕಡೆ ಎಂದು ಅವಳಿಗೂ ಗೊತ್ತಿರಲಿಲ್ಲ. ಹಿಂದೆ ಜೀಪಿನ ಬಾಗಿಲು ಬಡಿದ ಸದ್ದಾಯಿತು, ಎಂಜಿನ್ನು ಗುರುಗುಟ್ಟಿತು. ದಾಟಿಹೋಗಲಿ ಎಂದು ಅವಳು ಪಕ್ಕಕ್ಕೆ ಸರಿದು ನಿಂತಳು. ಜೀಪು ದಾಟಲಿಲ್ಲ, ಅದೂ ನಿಂತಿತು. ಅವಳು ನಡೆದಳು. ಅದೂ ಹೊರಟಿತು, ಅವರ ನಡಿಗೆಯಷ್ಟೇ ಮೆಲ್ಲಗೆ.

"ಅವ್ವ, ಓಡೋಣ್ವಾ?" ಎಂದಳು ಮಗಳು.

"ಬೇಡ," ಎಂದಳು ಅವಳು. "ನಡಿ."